ನಾಲ್ಕನೆಯವರ ಲೆಕ್ಕದ ಕಲ್ಲು

ಕೋಟೆ ನೋಡಬೇಕು ಎಂದು ಅಮ್ಮ ಹೇಳಿದ್ದು ಮಂಗಳೂರಿನಿಂದ ಬಂದ ಎರಡನೇ ವಾರದಲ್ಲಿ. ನಾನು ಅವರನ್ನು ಹೊರಡಿಸಿದ್ದು ಅವರು ವಾಪಸ್ ಹೋಗುವ ಮುಂಚಿನ ಕೊನೆಯ ಶನಿವಾರ. ನಡುವೆ ಎರಡು ತಿಂಗಳು ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಆಫೀಸು ಎನ್ನುತ್ತೇನೆ. ಅದು ಅರ್ಧ ನಿಜ. ಉಳಿದರ್ಧ ಜಗಳ. ಒಂದು ಶನಿವಾರ ಮಗಳ ತಲೆಗೆ ಎಣ್ಣೆ ಹಚ್ಚುವ ವಿಷಯಕ್ಕೆ, ಇನ್ನೊಂದು ಶನಿವಾರ ಡಿಶ್‌ವಾಶರಿನಿಂದ ತೆಗೆದ ಪಾತ್ರೆಗಳನ್ನು ಅಮ್ಮ ಮತ್ತೊಮ್ಮೆ ಕೈಯಲ್ಲಿ ತೊಳೆದದ್ದಕ್ಕೆ, ಮತ್ತೊಂದು ಶನಿವಾರ ಯಾವುದಕ್ಕೆಂದು ನೆನಪೇ ಇಲ್ಲ. ಆಮ್ಸ್ಟೆಲ್‌ವೀನಿನ ನಮ್ಮ ಮನೆಯ ಗೋಡೆಗಳು ತೆಳ್ಳಗಿವೆ. ಪಕ್ಕದ ಮನೆಯ ಡಚ್ಚರಿಗೆ ಕನ್ನಡ ಬರುವುದಿಲ್ಲ ಎಂಬುದೊಂದೇ ಸಮಾಧಾನ.

ಅಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ಪ್ರತಿ ವರ್ಷ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಯಾವುದಾದರೊಂದು ಕೋಟೆಗೆ ಪ್ರವಾಸ ಹೊರಡುವುದು ಅವರ ಹಬ್ಬ. ಬೇಕಲದ ಕೋಟೆಯ ಗೋಡೆಗೆ ಮೊಳೆಯಿಂದ ಹೆಸರು ಗೀಚಿದ ಹುಡುಗನೊಬ್ಬನನ್ನು ಅವರು ಕಾಸರಗೋಡು ದಾಟುವವರೆಗೂ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಬಂದಿದ್ದರಂತೆ. ಈಗ ಎಪ್ಪತ್ತಮೂರು. ಮಂಡಿ ನೋವು. ನನ್ನ ತಮ್ಮನ ಮನೆಯಲ್ಲಿ ಎರಡು ಮಹಡಿ ಹತ್ತಲಿಕ್ಕೇ ಗೊಣಗುತ್ತಾರೆ.

"ಗಾಳಿಯಂತ್ರ ನೋಡಿ ಆಯ್ತು, ಚೀಸ್ ನೋಡಿ ಆಯ್ತು. ಒಂದು ಸರಿಯಾದ ಕೋಟೆ ತೋರಿಸು ಮಾರಾಯ್ತಿ. ಇನ್ನೊಮ್ಮೆ ನಾನು ಬರ್ಲಿಕ್ಕಿಲ್ಲ" ಎಂದಿದ್ದರು.

ಇನ್ನೊಮ್ಮೆ ಬರುವುದಿಲ್ಲ ಎಂಬುದನ್ನು ಅವರು ಬೆದರಿಕೆಯ ಹಾಗೆ ಹೇಳಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು. ಅದೇ ನನಗೆ ಚುಚ್ಚಿತು. ಹಾಗಾಗಿ ಆ ಶನಿವಾರದ ಮಟ್ಟಿಗೆ ನನಗೆ ಬೇಕಿದ್ದದ್ದು ಒಂದೇ. ಒಂದು ದಿನ, ಬೆಳಗ್ಗಿನಿಂದ ಸಂಜೆಯವರೆಗೆ, ನಾವಿಬ್ಬರೂ ಜಗಳವಾಡದೆ ಒಂದು ಕೋಟೆ ನೋಡಿ ಬರಬೇಕು. ಅಮ್ಮ ಮಂಗಳೂರಿಗೆ ಹೋಗಿ ನೆರೆಮನೆಯವರ ಹತ್ತಿರ ಹೇಳಿಕೊಳ್ಳಲು ಅಂಥದ್ದೊಂದು ದಿನ ಇರಬೇಕು.

ಕೋಟೆ ಹುಡುಕಿದವಳು ನಾನೇ, ಆದ್ದರಿಂದ ಮುಂದಿನದ್ದಕ್ಕೆಲ್ಲ ಯಾರನ್ನೂ ದೂರುವಂತಿಲ್ಲ. ಈ ದೇಶದ ಅತ್ಯಂತ ಹಳೆಯ ಊರು ತಮ್ಮದೇ ಎಂದು ನೈಮೇಖನ್‌ನವರು ಹೇಳಿಕೊಳ್ಳುತ್ತಾರೆ. ರೋಮನ್ ಸೈನಿಕರು ಬಿಡಾರ ಹೂಡಿದ ಊರು. ಮೀಟಿಂಗಿನ ನಡುವೆ ಕಳ್ಳತನದಿಂದ ಫೋನಿನಲ್ಲಿ ನೋಡಿದೆ. ಅಗಲವಾದ ನದಿ, ದಡದ ಗುಡ್ಡದ ಮೇಲೆ ಬುರುಜುಗಳ ಮೇಲೆ ಬುರುಜು ಹೊತ್ತ ಭಾರೀ ಕೋಟೆ, ಕೆಳಗೆ ಹಾಯಿದೋಣಿಗಳು. ಫಾಲ್ಕ್‌ಹೋಫ್ ಎಂದು ಹೆಸರು. ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡು ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ಅದು ಫೋಟೋ ಅಲ್ಲ, ಯಾರೋ ನೂರಾರು ವರ್ಷಗಳ ಹಿಂದೆ ಬರೆದ ಚಿತ್ರ ಎಂಬುದು ಹಾಯಿದೋಣಿ ನೋಡಿಯಾದರೂ ನನಗೆ ಹೊಳೆಯಬೇಕಿತ್ತು.

ನಾಲ್ಕು ಜನ ಹೊರಡುವುದೆಂದು ನಿಶ್ಚಯವಾಗಿತ್ತು. ಬೆಳಗ್ಗೆ ಎಂಟಕ್ಕೆ ನನ್ನ ಗಂಡ ಲ್ಯಾಪ್‌ಟಾಪ್ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಾಗಲೇ ಅವರ ಮುಖ ಎಲ್ಲ ಹೇಳಿತು.

"ಸಾರಿ ಅತ್ತೆ, ಆಫೀಸಲ್ಲಿ ಸರ್ವರ್ ಡೌನ್ ಆಗ್ಬಿಟ್ಟಿದೆ. ನೀವು ಮೂರು ಜನ ಹೋಗ್ಬಿಟ್ಟು ಬನ್ನಿ" ಎಂದರು ತಮ್ಮ ಮೈಸೂರಿನ ನಯದಲ್ಲಿ.

ಮೂರು ಜನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶೂ ಹಾಕಿಕೊಳ್ಳುತ್ತಿದ್ದ ಅಮ್ಮ ಕೈ ನಿಲ್ಲಿಸಿದರು. "ಮೂರು ಜನ ಹೊರಡ್ಲಿಕ್ಕಿಲ್ಲ. ಹೋದ ಕೆಲಸ ಆಗುದಿಲ್ಲ."

"ಅಮ್ಮಾ, ಟ್ರೈನಿಗೆ ಹೊತ್ತಾಯ್ತು."

"ಒಂದು ಕಲ್ಲು ಹೆಕ್ಲಿಕ್ಕೆ ಎಷ್ಟು ಹೊತ್ತು ಬೇಕು?"

ಮೂವರು ಒಟ್ಟಿಗೆ ಹೊರಡುವಾಗ ಒಂದು ಕಲ್ಲನ್ನು ಜೊತೆಗಿಟ್ಟುಕೊಂಡರೆ ಅದು ನಾಲ್ಕನೆಯವರ ಲೆಕ್ಕ. ನಮ್ಮ ಮನೆಯಲ್ಲಿ ಹೆಣ್ಣು ನೋಡಲು ಹೊರಟಾಗ, ಆಸ್ಪತ್ರೆಗೆ ಹೊರಟಾಗ, ನನ್ನನ್ನು ಕಾಲೇಜಿಗೆ ಸೇರಿಸಲು ಹೊರಟಾಗ ಯಾರದಾದರೂ ಚೀಲದಲ್ಲಿ ಕಲ್ಲು ಇದ್ದೇ ಇರುತ್ತಿತ್ತು. ಅಮ್ಮ ಹಿತ್ತಲಿಗೆ ಹೋಗಿ, ಟೊಮ್ಯಾಟೊ ಕುಂಡದ ಬುಡದಿಂದ ನಿಂಬೆಹಣ್ಣಿನಷ್ಟು ದೊಡ್ಡ ಬಿಳಿಯ ಕಲ್ಲೊಂದನ್ನು ಆರಿಸಿ, ನಲ್ಲಿಯಲ್ಲಿ ತೊಳೆದು, ಒರೆಸಿ, ಚಿತ್ರಾನ್ನದ ಸ್ಟೀಲ್ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡರು. ಸ್ಟೇಷನ್ನಿಗೆ ಹೋಗುವ ಟ್ರಾಮು ನಮ್ಮ ಕಣ್ಣೆದುರೇ ಹೋಯಿತು.

"ಸೀರಿಯಸ್ಲೀ ಅಜ್ಜಿ? ಎ ಸ್ಟೋನ್?" ಎಂದಳು ಹನ್ನೊಂದು ವರ್ಷದ ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹೆಚ್ಚಾಗಿ ಬರುವುದು ಇಂಗ್ಲಿಷು, ಸಿಟ್ಟು ಬಂದರೆ ಡಚ್ಚು.

"ಅದು ನಿನ್ನ ಅಪ್ಪ" ಎಂದರು ಅಮ್ಮ. ಮಗಳು ನಗಲಿಲ್ಲ. ಟ್ರೈನಿನಲ್ಲಿ ನಮ್ಮಿಂದ ಎರಡು ಸಾಲು ಆಚೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತಳು. ಸೀರೆಯ ಮೇಲೆ ನನ್ನ ಚಳಿಗಾಲದ ಜಾಕೆಟ್ಟು, ಕಾಲಿಗೆ ಬಿಳಿಯ ಸ್ಪೋರ್ಟ್ಸ್ ಶೂ ಹಾಕಿದ ಅಜ್ಜಿಯ ಮೊಮ್ಮಗಳು ತಾನಲ್ಲ ಎಂಬಂತೆ. ಅದನ್ನು ನೋಡಿ ನನಗೆ ಸಿಟ್ಟು ಬಂತು. ಮಗಳ ಮೇಲೆ ಬಂದ ಸಿಟ್ಟನ್ನು ಅಲ್ಲೇ ತೀರಿಸಿಕೊಳ್ಳುವಂತಿರಲಿಲ್ಲ, ಏಕೆಂದರೆ ನಾವು ಕುಳಿತದ್ದು ಮಾತನಾಡಬಾರದ ಬೋಗಿಯಲ್ಲಿ. ಅಮ್ಮ ಮಾತ್ರ ಉಟ್ರೆಕ್ಟ್ ಬರುವವರೆಗೂ ಹೊಲದ ದನಗಳನ್ನು ಎಣಿಸಿ ಗಟ್ಟಿಯಾಗಿ ಹೇಳುತ್ತಾ ಬಂದರು. ಎದುರು ಸೀಟಿನ ಹೆಂಗಸು ಗಾಜಿನ ಮೇಲೆ ಅಂಟಿಸಿದ 'ಮೌನ' ಎಂಬ ಸೂಚನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ಆರ್ನ್‌ಹೆಮ್‌ನಲ್ಲಿ ಟ್ರೈನು ನಿಂತೇಬಿಟ್ಟಿತು. ಮುಂದೆ ಹಳಿ ರಿಪೇರಿ, ಎಲ್ಲರೂ ಇಳಿದು ಬಸ್ಸಿಗೆ ಹೋಗಬೇಕು. ಅದನ್ನು ಹಿಂದಿನ ದಿನವೇ ಫೋನಿನಲ್ಲಿ ನೋಡಬಹುದಿತ್ತು. ನೋಡಿರಲಿಲ್ಲ. ಹೊರಗೆ ಸಣ್ಣ ಮಳೆ, ಕೊಡೆಯನ್ನು ಮಗುಚುವ ಗಾಳಿ, ಬಸ್ಸಿಗೆ ಉದ್ದನೆಯ ಸಾಲು. ಅಮ್ಮ ಮಂಡಿ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕುಳಿತರು. ಚೀಲ ನನ್ನ ಹೆಗಲಿಗೆ ಬಂತು. ಡಬ್ಬಿ, ಫ್ಲಾಸ್ಕು, ಶಾಲು, ಮಾತ್ರೆಗಳ ಪೆಟ್ಟಿಗೆ, ಅದರ ಮೇಲೆ ಆ ಕಲ್ಲು.

ಅಮ್ಮನ ಟ್ರೈನ್ ಕಾರ್ಡು ಹುಡುಕಲೆಂದು ಚೀಲಕ್ಕೆ ಕೈ ಹಾಕಿದೆ. ಕಲ್ಲು ಸಿಕ್ಕಿತು. ಪಕ್ಕಕ್ಕೆ ಸರಿಸಿ ಮತ್ತೆ ಹಾಕಿದೆ. ಮತ್ತೆ ಕಲ್ಲೇ ಸಿಕ್ಕಿತು. ಮೂರನೇ ಸಲ ನನ್ನೊಳಗೆ ಏನೋ ಕಿತ್ತುಬಂತು. ಕೈಬಿಟ್ಟ ಗಂಡ, ಕೆಟ್ಟ ಹಳಿ, ದೂರ ಕುಳಿತ ಮಗಳು, ತಪ್ಪಿದ ಟ್ರಾಮು, ಎಲ್ಲಕ್ಕೂ ಆ ಕಲ್ಲೇ ಕಾರಣ ಎನ್ನಿಸಿತು. ತೆಗೆದು ಬಸ್‌ಸ್ಟಾಪಿನ ಹಿಂದಿನ ಬೇಲಿಗಿಡಕ್ಕೆ ಬೀಸಿ ಎಸೆದೆ. ಅಮ್ಮ ಆಚೆ ಮುಖ ಮಾಡಿ ಕುಳಿತಿದ್ದರು. ತಿರುಗಿದರೆ, ಮಗಳು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಮಗೆ ಇಲಿಯೂ ಸಿಗಲಿಲ್ಲ. ನೈಮೇಖನ್‌ನಲ್ಲಿ ಇಳಿದು, ಫೋನು ತೋರಿಸಿದ ದಾರಿಯಲ್ಲಿ ಮಂಡಿಗೆ ಬಿಡುವು ಕೊಡುತ್ತಾ ನಡೆದು, ಕೊನೆಯ ಏರು ಹತ್ತಿದರೆ ಅಲ್ಲಿ ಒಂದು ಉದ್ಯಾನವಿತ್ತು. ಹುಲ್ಲು, ದೊಡ್ಡ ಮರಗಳು, ಬೆಂಚುಗಳು. ಒಂದು ಮೂಲೆಯಲ್ಲಿ ಬಾಗಿಲು ಹಾಕಿದ ಸಣ್ಣ ಪ್ರಾರ್ಥನಾಮಂದಿರ, ಇನ್ನೊಂದು ಮೂಲೆಯಲ್ಲಿ ಅರ್ಧಕ್ಕೆ ಕತ್ತರಿಸಿದಂತಿದ್ದ ದುಂಡನೆಯ ಮುರುಕು ಗೋಡೆ.

"ಕೋಟೆ ಎಲ್ಲುಂಟು?" ಎಂದರು ಅಮ್ಮ.

ಫೋನಿನಲ್ಲಿ ನೀಲಿ ಚುಕ್ಕೆ ಸರಿಯಾಗಿ ಕೋಟೆಯ ನಡುವೆ ನಿಂತಿತ್ತು. "ಇದೇ" ಎಂದೆ.

"ಇದು ಪಾರ್ಕ್ ಅಲ್ವಾ?"

ಮಗಳು ಅಲ್ಲಿದ್ದ ಫಲಕ ಓದಿದಳು. ಡಚ್ಚಿನಲ್ಲಿ ಓದುತ್ತಾ ಓದುತ್ತಾ ಅವಳ ಹುಬ್ಬು ಮೇಲೇರಿತು. "ಅಜ್ಜಿ, ಇಟ್ಸ್ ಗಾನ್. ಇನ್ನೂರು ವರ್ಷ ಮುಂಚೆನೇ ಒಡೆದ್ಬಿಟ್ರು."

"ಯುದ್ಧದಲ್ಲಾ?"

"ನೋ. ದೇ ಸೋಲ್ಡ್ ಇಟ್. ಕಲ್ಲು ಕಲ್ಲು ಮಾಡಿ ಮಾರಿದ್ರು."

ಅಮ್ಮ ಶೂ ತುದಿಯಿಂದ ಆ ಹುಲ್ಲನ್ನು ಒತ್ತಿ ನೋಡಿದರು. "ಯುದ್ಧದಲ್ಲಿ ಬಿದ್ರೆ ಅದಕ್ಕೊಂದು ಮರ್ಯಾದೆ ಉಂಟು. ಇದೆಂತದು, ಹಳೆ ಮನೆ ಕೆಡವಿ ಹಂಚು ಮಾರಿದ ಹಾಗೆ!"

ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಆ ಚಿತ್ರ ಹಾಕಿದ ವೆಬ್‌ಸೈಟಿನ ಮೇಲೆ, ಕೋಟೆ ಮಾರಿದವರ ಮೇಲೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚಿತ್ರದ ಕೆಳಗೆ ಎರಡು ಸಾಲು ವಿವರ ಇದ್ದೇ ಇತ್ತು, ಓದದೆ ಬಿಟ್ಟವಳು ನಾನು. ಸಮೀಪದಲ್ಲಿ ಬೇರೆ ಯಾವುದಾದರೂ ನಿಂತಿರುವ ಕೋಟೆ ಉಂಟೋ, ಸಂಜೆಯೊಳಗೆ ಅಲ್ಲಿಗೆ ಹೋಗಿಬರಬಹುದೋ ಎಂದು ಬೆಂಚಿನಲ್ಲಿ ಕುಳಿತು ಫೋನು ತಿಕ್ಕತೊಡಗಿದೆ. ಒಂದು ಸಿಕ್ಕಿತು, ಬಸ್ಸಿರಲಿಲ್ಲ. ಇನ್ನೊಂದು ಸಿಕ್ಕಿತು, ಶನಿವಾರ ಮದುವೆಗೆ ಬಾಡಿಗೆ ಕೊಟ್ಟಿದ್ದರು.

ನಾನು ಹೀಗೆ ಒದ್ದಾಡುತ್ತಿದ್ದಾಗ ಅಮ್ಮ ಮತ್ತು ಮಗಳು ಗುಡ್ಡದ ಅಂಚಿನ ಕಟಕಟೆಯ ಹತ್ತಿರ ನಿಂತಿದ್ದರು. ಕೆಳಗೆ ವಾಲ್ ನದಿ, ನಮ್ಮ ನೇತ್ರಾವತಿ ತುಂಬಿದಾಗ ಇರುವಷ್ಟು ಅಗಲ, ಅದರಲ್ಲಿ ಮರಳು ಹೊತ್ತ ಉದ್ದನೆಯ ಹಡಗುಗಳು. ಗಾಳಿಯಲ್ಲಿ ಅವರ ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಇಲ್ಲೇ ಯಾಕೆ ಕಟ್ಟಿದ್ರು ಹೇಳು ನೋಡುವ?"

"ಬಿಕಾಸ್... ಹಡಗು ಬರೋದು ಕಾಣತ್ತೆ?"

"ಹಾಂ. ಮತ್ತೆ? ಆಚೆ ಬದಿ ನೋಡು, ಎಷ್ಟು ತಗ್ಗು ಉಂಟು."

ಈಗ ಯೋಚಿಸಿದರೆ, ನಾನು ಬೇಡಿಕೊಂಡು ಬಂದ ದಿನ ಅದೇ ಆಗಿತ್ತು. ಕೋಟೆಯಿಲ್ಲದ ಜಾಗದಲ್ಲಿ ಅಮ್ಮ ಕೋಟೆಯ ಪಾಠ ಮಾಡುತ್ತಿದ್ದರು, ಮಗಳು ಹೆಡ್‌ಫೋನನ್ನು ಚೀಲಕ್ಕೆ ಹಾಕಿ ಕೇಳುತ್ತಿದ್ದಳು. ನಾನು ಮಾತ್ರ ಬಸ್ಸಿನ ವೇಳಾಪಟ್ಟಿ ನೋಡುತ್ತಾ ಕುಳಿತಿದ್ದೆ.

ಚಿತ್ರಾನ್ನ ತಿಂದೆವು. ತಣ್ಣಗಾಗಿತ್ತು, ಆದರೂ ಮೂವರೂ ಡಬ್ಬಿ ಕೆರೆದೆವು. ಡಬ್ಬಿಯನ್ನು ವಾಪಸ್ ಇಡುವಾಗ ಅಮ್ಮ ಚೀಲದೊಳಗೆ ಕೈಯಾಡಿಸಿದರು. ಶಾಲು ತೆಗೆದು ಕೊಡವಿದರು. ಜಾಕೆಟ್ಟಿನ ಜೇಬು ನೋಡಿಕೊಂಡರು.

"ಕಲ್ಲು ಎಲ್ಲಿಯೋ ಬಿದ್ದಿದೆ" ಎಂದರು. "ಅದಕ್ಕೇ ಕೋಟೆ ಸಿಗ್ಲಿಲ್ಲ."

ಅದು ಅವರ ತಮಾಷೆ. ನಗಬಹುದಿತ್ತು. 'ನಾನೇ ಬಿಸಾಡಿದೆ ಅಮ್ಮ' ಎಂದು ಹೇಳಿಬಿಡುವುದಕ್ಕೆ ಅದಕ್ಕಿಂತ ಸುಲಭದ ಗಳಿಗೆ ಇನ್ನೊಂದು ಬರಲಾರದು. ಮಗಳು ನನ್ನ ಮುಖ ನೋಡಿದಳು. ನಾನು ನೀರಿನ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

ಅಮ್ಮ ಎದ್ದು ಆ ಮುರುಕು ಗೋಡೆಯ ಕಡೆಗೆ ಹೋದದ್ದು ಗೊತ್ತಾಯಿತು. ನೋಡಲು ಹೋದರು ಎಂದುಕೊಂಡೆ. ಐದು ನಿಮಿಷ ಬಿಟ್ಟು ತಲೆ ಎತ್ತಿದಾಗ ಅವರು ಗೋಡೆಯ ಬುಡದಲ್ಲಿ ಮಂಡಿ ನೋವಿನ ನಡುವೆಯೂ ಬಗ್ಗಿ, ಅಲ್ಲಿ ಬಿದ್ದಿದ್ದ ಒಂದು ಚೂರನ್ನು ಹೆಕ್ಕಿ, ಸೆರಗಿನಲ್ಲಿ ಒರೆಸುತ್ತಿದ್ದರು. ಎದುರಿಗೆ ನಾಯಿ ಹಿಡಿದುಕೊಂಡ ಒಬ್ಬ ಮುದುಕರು ನಿಂತಿದ್ದರು.

"ಮೆವ್ರೌ, ದಾತ್ ಮಾಖ್ ನೀತ್."

ಅಮ್ಮಾವ್ರೇ, ಹಾಗೆ ಮಾಡುವಂತಿಲ್ಲ. ಈ ದೇಶದಲ್ಲಿ ನಾನು ಮೊದಲು ಕಲಿತ ವಾಕ್ಯ ಇದು. ಸೈಕಲ್ಲನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದಾಗ, ಕಸವನ್ನು ತಪ್ಪು ದಿನ ಹೊರಗಿಟ್ಟಾಗ, ಒಂಬತ್ತು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ನಾನು ಹುಲ್ಲಿನ ಮೇಲೆ ಓಡಿದೆ.

ಮುದುಕರು ಬೈದಿರಲಿಲ್ಲ. ಹಳೆಯ ಗೋಡೆಯಲ್ಲವೇ, ಎಲ್ಲರೂ ಒಂದೊಂದು ತೆಗೆದರೆ ಉಳಿಯುವುದಿಲ್ಲ ಎಂದಷ್ಟೇ ಮೆತ್ತಗೆ ವಿವರಿಸುತ್ತಿದ್ದರು. ಬೈದದ್ದು ನಾನು.

"ಅಮ್ಮಾ, ಬುದ್ಧಿ ಉಂಟಾ ನಿಮಗೆ? ಕೋಟೆ ಮುಟ್ಬೇಡಿ ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿದವರು ನೀವು. ಇಲ್ಲಿ ಬಂದು ಕಲ್ಲು ಕದಿಯೂದಾ? ನೀವು ಮಂಗಳವಾರ ಹೋಗ್ತೀರಿ. ಇಲ್ಲಿ ಬದುಕ್ಬೇಕಾದವಳು ನಾನು!"

ಕನ್ನಡ ಬಾರದ ಮುದುಕರಿಗೂ ನಾಯಿಗೂ ಅದು ಅರ್ಥವಾಯಿತು. ನಾಯಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಅಮ್ಮ ಮುದುಕರ ಕಡೆ ತಿರುಗಿ, ಟೀಚರ್ ಇಂಗ್ಲಿಷಿನಲ್ಲಿ, "ಐ ಆಮ್ ವೆರಿ ಸಾರಿ, ಸರ್" ಎಂದರು. ಮತ್ತೆ ಬಗ್ಗಿದರು. ಆ ಚೂರು ಮೊದಲು ಬಿದ್ದಿದ್ದ ಮಣ್ಣಿನ ಗುಳಿಯನ್ನು ಬೆರಳಲ್ಲಿ ಹುಡುಕಿ, ಅದೇ ಗುಳಿಯಲ್ಲಿ ಕೂರಿಸಿ, ಅಲುಗಾಡದಂತೆ ಒತ್ತಿದರು. ಏಳುವಾಗ ಕೈಗೆ ಆಸರೆ ಬೇಕಿತ್ತು. ನಾನು ಕೊಡುವಷ್ಟರಲ್ಲಿ ಮಗಳು ಕೊಟ್ಟಿದ್ದಳು.

ಅವಳು ಮುದುಕರ ಎದುರು ನಿಂತು ಡಚ್ಚಿನಲ್ಲಿ ಹೇಳಿದ್ದು ಹೀಗೆ: "ನೀವು ಇಡೀ ಕೋಟೆಯನ್ನೇ ಮಾರಿದ್ದೀರಿ. ಅಲ್ಲಿ ಬೋರ್ಡಿನಲ್ಲೇ ಬರೆದಿದೆ. ಅಜ್ಜಿ ಮನೆಗೆ ಸುರಕ್ಷಿತವಾಗಿ ಹೋಗೋದಕ್ಕೆ ಒಂದು ಕಲ್ಲು ತಗೊಂಡರು, ಅಷ್ಟೇ."

ಮುದುಕರು ಗಟ್ಟಿಯಾಗಿ ನಕ್ಕರು. ಹೌದು, ನಮ್ಮ ಮುತ್ತಾತಂದಿರು ದಡ್ಡರು, ಅದಕ್ಕೇ ಉಳಿದದ್ದನ್ನು ಕಾಯುತ್ತಿದ್ದೇನೆ ಎಂದು, ಅಮ್ಮನಿಗೆ ಹ್ಯಾಟು ಎತ್ತಿ ವಂದಿಸಿ ಹೋದರು. ಮಗಳು ನನ್ನ ಕಡೆ ತಿರುಗಿದಳು. ಅದೂ ಡಚ್ಚಿನಲ್ಲೇ, ಅಜ್ಜಿಗೆ ತಿಳಿಯಬಾರದೆಂದು: "ನೀನೇ ಎಸೆದೆ. ಹೇಳು ಅವರಿಗೆ."

ಹೇಳಲಿಲ್ಲ. ಅಷ್ಟು ಜೋರಾಗಿ ಬೈದ ಮೇಲೆ ತಪ್ಪು ನನ್ನದು ಎನ್ನಲು ನಾಚಿಕೆಯಾಯಿತು.

ಸ್ಟೇಷನ್ನಿನ ಹತ್ತಿರ ಬಂದಾಗ ಮೆಲ್ಲಗೆ ಹೇಳಿದೆ, "ಇಲ್ಲಿ ರಸ್ತೆ ಬದಿ ತುಂಬಾ ಕಲ್ಲುಂಟು ಅಮ್ಮ. ಒಂದು ಇಟ್ಕೊಳ್ಳಿ."

"ಬೇಡ. ಅದೆಲ್ಲ ಸುಮ್ಮನೆ" ಎಂದರು.

ಹುಟ್ಟಿದಾಗಿನಿಂದ ಆ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಅಪ್ಪ ಗೇಲಿ ಮಾಡಿದಾಗ ಬಿಡದ ಕಲ್ಲು, ತಮ್ಮ ಎಂಜಿನಿಯರಿಂಗ್ ಓದಿ ಬಂದು ವಾದ ಮಾಡಿದಾಗ ಬಿಡದ ಕಲ್ಲು. ವಾಪಸ್ ದಾರಿಯಲ್ಲಿ ಬಸ್ಸು, ಟ್ರೈನು ಎಲ್ಲ ಸರಿಯಾದ ಹೊತ್ತಿಗೆ ಬಂದವು. ದನಗಳು ಹೊಲದಲ್ಲೇ ಇದ್ದವು. ಅಮ್ಮ ಎಣಿಸಲಿಲ್ಲ. ಮಗಳು ಈ ಸಲ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಳು. ನಾನು ಎದುರಿಗೆ, ಒಬ್ಬಳೇ.

ಭಾನುವಾರ, ಸೋಮವಾರ ಮನೆಯಲ್ಲಿ ಒಂದೇ ಒಂದು ಜಗಳವಾಗಲಿಲ್ಲ. ಡಿಶ್‌ವಾಶರಿನ ಪಾತ್ರೆಗಳನ್ನು ಅಮ್ಮ ನೇರವಾಗಿ ಕಪಾಟಿನಲ್ಲಿ ಇಟ್ಟರು. ಮಗಳ ತಲೆಗೆ ಎಣ್ಣೆ ಹಚ್ಚುವ ಮೊದಲು ನನ್ನನ್ನು ಕೇಳಿದರು. "ನಿನಗೆ ಹೇಗೆ ಅನುಕೂಲವೋ ಹಾಗೆ" ಎಂದು ಎರಡು ದಿನದಲ್ಲಿ ನಾಲ್ಕು ಸಲವಾದರೂ ಹೇಳಿರಬೇಕು. ಪ್ರತಿ ಸಲ ನನಗೆ ಪಾತ್ರೆ ಎತ್ತಿ ಕುಕ್ಕಬೇಕು ಎನ್ನಿಸುತ್ತಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಇದೇ ಅಮ್ಮ ನನಗೆ ಚಿಕ್ಕಂದಿನಲ್ಲಿ ನೂರು ಸಲ ಹೇಳಿದ್ದರು.

ಮಂಗಳವಾರ ಮುಂಜಾನೆ ಅವರು ಸ್ನಾನಕ್ಕೆ ಹೋದಾಗ ಹಿತ್ತಲಿಗೆ ಹೋದೆ. ಟೊಮ್ಯಾಟೊ ಕುಂಡದ ಬುಡದಲ್ಲಿ ಮೊದಲಿನದಷ್ಟೇ ದೊಡ್ಡ ಬಿಳಿಯ ಕಲ್ಲೊಂದು ಹುಡುಕಿದೆ. ನಲ್ಲಿಯಲ್ಲಿ ತೊಳೆದೆ. ಒರೆಸಿದೆ. ಕೋಟಿನ ಜೇಬಿಗೆ ಹಾಕಿಕೊಂಡೆ.

ವಿಮಾನ ನಿಲ್ದಾಣಕ್ಕೆ ನಾಲ್ವರೂ ಹೋದೆವು. ಗಂಡ ರಜೆ ಹಾಕಿದ್ದರು, ಮಗಳ ಶಾಲೆಗೆ ಒಂದು ಗಂಟೆ ತಡವಾಗಿ ಬರುತ್ತಾಳೆಂದು ಹೇಳಿದ್ದೆವು. ಸೂಟ್‌ಕೇಸು ತೂಕದ ಪಟ್ಟಿಯ ಮೇಲೆ ಹೋಗಿ ಮರೆಯಾಯಿತು. ಒಳಗೆ ಹೋಗುವ ಗೇಟಿನ ಮುಂದೆ ಅಮ್ಮ ಮಗಳನ್ನು ತಬ್ಬಿಕೊಂಡರು, ಅಳಿಯನಿಗೆ "ಊಟ ಸರಿಯಾಗಿ ಮಾಡಿ" ಎಂದರು. ನನ್ನ ಸರದಿ ಬಂದಾಗ ಜೇಬಿನಿಂದ ಕಲ್ಲು ತೆಗೆದು ಅವರ ಕೈಯಲ್ಲಿಟ್ಟೆ.

"ಆವತ್ತಿನ ಕಲ್ಲು ಬಿದ್ದದ್ದಲ್ಲ ಅಮ್ಮ. ನಾನೇ ಬಿಸಾಡಿದ್ದು."

"ಗೊತ್ತುಂಟು" ಎಂದರು. "ಮೂವತ್ತು ವರ್ಷ ತಪ್ಪು ಮಾಡಿದ ಮಕ್ಕಳ ಮುಖ ನೋಡಿದವಳು ನಾನು. ನೀನು ಫ್ಲಾಸ್ಕಿನ ಮುಚ್ಚಳ ತಿರುಗಿಸುವಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯಾ ಅಂತ ಕಾದೆ."

ಹಿಂದಿನಿಂದ ಯಾರೋ ಟ್ರಾಲಿ ತಳ್ಳಿಕೊಂಡು ಬಂದರು. ಸರಿದು ನಿಂತೆವು. ಅಮ್ಮ ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ, ಚೆನ್ನಾಗಿ ತೊಳೆದಿದ್ದೇನೆಯೇ ಎಂದು ಪರೀಕ್ಷಿಸಿದ ಹಾಗೆ, ಮತ್ತೆ ನನ್ನ ಕೈಯಲ್ಲಿ ಇಟ್ಟು ಬೆರಳುಗಳನ್ನು ಮಡಚಿದರು.

"ಇದು ನಂಗೆ ಬೇಡ ಮಗಾ. ನಾನು ಹೋಗುದು ಒಬ್ಬಳೇ ಅಲ್ವಾ, ಒಬ್ಬರಿಗೆ ಕಲ್ಲು ಬೇಕಂತ ಇಲ್ಲ. ವಾಪಸ್ ಹೋಗುವಾಗ ನೀವು ಮೂರು ಜನ ಆಗ್ತೀರಿ. ನೀನೇ ಇಟ್ಕೊ."

ಮಂಡಿ ನೋವಿಗೆ ವೀಲ್‌ಚೇರ್ ಬೇಡ ಎಂದು ಮೊದಲೇ ಹಟ ಮಾಡಿದ್ದರು. ನಡೆದೇ ಹೋದರು. ಬಿಳಿಯ ಶೂ ಜನರ ನಡುವೆ ಸ್ವಲ್ಪ ದೂರ ಕಾಣಿಸಿತು.

ಆಮ್ಸ್ಟೆಲ್‌ವೀನಿನ ಬಸ್ಸಿನಲ್ಲಿ ಎದುರುಬದುರು ನಾಲ್ಕು ಸೀಟು ಸಿಕ್ಕವು. ಗಂಡ, ಮಗಳು, ನಾನು. ಕೈಯಲ್ಲೇನು ಎಂದು ಗಂಡ ಕೇಳಿದರು. ಮಗಳೇ ಉತ್ತರ ಕೊಟ್ಟಳು, "ಅದು ಅಜ್ಜಿ."